ಆತಿಥ್ಯದೊಳಗಿನ ಸಾಕ್ಷಿ: ಆಂಥನಿ ಮಸ್ಕರೇನ್ಹಸ್ ಮತ್ತು 1971ರ ಪೂರ್ವ ಬಂಗಾಳ

ಯುದ್ಧವರದಿಗಾರಿಕೆಯ ಇತಿಹಾಸವು ಬಹುಪಾಲು ಸೇನೆಗಳ ಜೊತೆಯಲ್ಲೇ ಸಾಗಿದ ವರದಿಗಾರರ ಇತಿಹಾಸವಾಗಿದೆ. 1854ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಪರವಾಗಿ ಕ್ರಿಮಿಯಾ ಯುದ್ಧಕ್ಕೆ ಹೋದ ವಿಲಿಯಂ ಹೊವರ್ಡ್ ರಸೆಲ್ ತನ್ನ ದೇಶದ ಸೇನೆಯ ಅವ್ಯವಸ್ಥೆಯನ್ನೂ ಗಾಯಾಳುಗಳ ದುಸ್ಥಿತಿಯನ್ನೂ ಬಯಲಿಗೆಳೆದದ್ದು ಈ ವೃತ್ತಿಯ ಆರಂಭದ ದೊಡ್ಡ ಸಾಧನೆಯೆನಿಸಿದೆ. ಆದರೆ ಸೇನೆಯು ತನ್ನ ಸೈನಿಕರನ್ನು ಹೇಗೆ ನಡೆಸಿಕೊಂಡಿತೆಂದು ಬರೆಯುವುದಕ್ಕೂ ಅದೇ ಸೇನೆಯು ನಿರಾಯುಧ ಜನರನ್ನು ಏನು ಮಾಡಿತೆಂದು ಬರೆಯುವುದಕ್ಕೂ ಬಹಳ ಅಂತರವಿದೆ. ನಾಗರಿಕರ ಕೊಲೆ, ಶರಣಾದವರ ಹತ್ಯೆ, ಸೆರೆಯಾಳುಗಳಿಗೆ ಚಿತ್ರಹಿಂಸೆ, ಹಳ್ಳಿಗಳನ್ನು ಸುಡುವುದು ಮೊದಲಾಗಿ, ಯುದ್ಧದ ನಡುವೆಯೂ ಮಾಡಕೂಡದೆಂದು ಅಂತಾರಾಷ್ಟ್ರೀಯ ಕಾನೂನು ನಿಷೇಧಿಸಿರುವ ಕೃತ್ಯಗಳನ್ನು ಯುದ್ಧಾಪರಾಧಗಳೆಂದು ಕರೆಯಲಾಗುತ್ತದೆ. ಇವುಗಳ ಬೆನ್ನುಹತ್ತಿದ ವರದಿಗಾರನಿಗೆ ಎದುರಾಗುವ ಮೊದಲ ತೊಡಕು, ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾದವರ ಕೈಯಲ್ಲೇ ಆ ಸೀಮೆಯ ರಸ್ತೆಗಳೂ ತಂತಿ ಕಚೇರಿಗಳೂ ವಿಮಾನ ನಿಲ್ದಾಣಗಳೂ ಇರುವುದು.

ಈ ತೊಡಕನ್ನು ದಾಟಲು ಹಿಂದಿನವರು ಮುಖ್ಯವಾಗಿ ಎರಡು ಹಾದಿಗಳನ್ನು ಹಿಡಿದಿದ್ದರು. ಒಂದು, ಕೃತ್ಯ ನಡೆದ ಮೇಲೆ ಸ್ಥಳಕ್ಕೆ ಹೋಗಿ ಉಳಿದ ಕುರುಹುಗಳನ್ನು ನೋಡಿ ಬರೆಯುವುದು; 1876ರಲ್ಲಿ ‘ಡೈಲಿ ನ್ಯೂಸ್’ ಪತ್ರಿಕೆಗಾಗಿ ಬಲ್ಗೇರಿಯಾಕ್ಕೆ ಹೋದ ಅಮೆರಿಕದ ಜನುವರಿಯಸ್ ಮೆಕ್‌ಗಹನ್, ಬಟಾಕ್ ಎಂಬ ಊರಿನಲ್ಲಿ ಒಟ್ಟೊಮನ್ ಪಡೆಗಳ ಕೈಗೆ ಸಿಕ್ಕಿ ಸತ್ತವರ ಎಲುಬುಗಳ ನಡುವೆ ನಿಂತು ಬರೆದ ಪತ್ರಗಳು ಬ್ರಿಟಿಷ್ ರಾಜಕಾರಣವನ್ನೇ ಅಲುಗಿಸಿದವು. ಇನ್ನೊಂದು, ಸ್ಥಳಕ್ಕೆ ಹೋಗದೆಯೇ ಕೃತ್ಯವೆಸಗಿದವರನ್ನು ಹುಡುಕಿ ಮಾತನಾಡಿಸುವುದು. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ ನಡೆದ ಹತ್ಯಾಕಾಂಡವನ್ನು 1969ರ ನವೆಂಬರ್‌ನಲ್ಲಿ ಬಹಿರಂಗಪಡಿಸಿದ ಸೆಮೋರ್ ಹರ್ಶ್ ಅದಕ್ಕಾಗಿ ಅಮೆರಿಕದ ಸೇನಾನೆಲೆಗಳನ್ನೂ ಮನೆಗೆ ಮರಳಿದ್ದ ಸೈನಿಕರ ಊರುಗಳನ್ನೂ ಸುತ್ತಿದರು. ಎರಡು ಹಾದಿಗಳಲ್ಲಿಯೂ ವರದಿಗಾರನು ತಲುಪುವ ಹೊತ್ತಿಗೆ ಕೃತ್ಯ ಮುಗಿದಿರುತ್ತದೆ. ಹತ್ಯೆ ನಡೆಯುತ್ತಿರುವಾಗಲೇ, ಹತ್ಯೆಗೆ ಆಜ್ಞೆ ಕೊಡುವವರ ಪಕ್ಕದಲ್ಲೇ, ಅವರದೇ ಆಹ್ವಾನದ ಮೇರೆಗೆ ಕುಳಿತು ನೋಡಿ, ಆ ಬಳಿಕ ನೋಡಿದ್ದನ್ನು ಅಳುಕದೆ ಬರೆದವರು ಬಹಳ ಕಡಿಮೆ. ಆಂಥನಿ ಮಸ್ಕರೇನ್ಹಸ್ ಆ ಕೆಲವರಲ್ಲಿ ಒಬ್ಬರು, ಮತ್ತು ಅವರ ವರದಿಗೆ ಇಂದಿಗೂ ಉಳಿದಿರುವ ಬೆಲೆಯು ಅವರು ಎಲ್ಲಿ ಕುಳಿತು ನೋಡಿದರೆಂಬುದರಿಂದಲೇ ಬಂದದ್ದು.

ಮಸ್ಕರೇನ್ಹಸ್ 1928ರ ಜುಲೈಯಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿಯಲ್ಲಿ, ಗೋವಾ ಮೂಲದ ಕ್ರೈಸ್ತ ಕುಟುಂಬವೊಂದರಲ್ಲಿ ಹುಟ್ಟಿದರು. ಅವರ ವಿದ್ಯಾಭ್ಯಾಸವು ಕರಾಚಿಯಲ್ಲಿ ನಡೆಯಿತು. ಬ್ರಿಟಿಷರ ಕಾಲದಲ್ಲಿ ಕರಾಚಿಯು ಬಂದರು ನಗರವಾಗಿ ಬೆಳೆಯುತ್ತಿದ್ದಾಗ ಗೋವಾದ ಅನೇಕ ಕುಟುಂಬಗಳು ಉದ್ಯೋಗವನ್ನರಸಿ ಅಲ್ಲಿಗೆ ಹೋಗಿ ನೆಲೆಸಿದ್ದವು. ದೇಶವಿಭಜನೆಯ ಬಳಿಕ ಈ ಸಮುದಾಯದ ಬಹಳಷ್ಟು ಜನ ಅಲ್ಲಿಯೇ ಉಳಿದು ಪಾಕಿಸ್ತಾನದ ಪ್ರಜೆಗಳಾದರು. ಮಸ್ಕರೇನ್ಹಸರೂ ಹಾಗೆಯೇ ಆ ದೇಶದವರಾದರು. 1971ರ ಹೊತ್ತಿಗೆ ಅವರು ಕರಾಚಿಯ ‘ಮಾರ್ನಿಂಗ್ ನ್ಯೂಸ್’ ಎಂಬ ಇಂಗ್ಲಿಷ್ ದಿನಪತ್ರಿಕೆಯ ಸಹಾಯಕ ಸಂಪಾದಕರಾಗಿದ್ದರು, ಜೊತೆಗೆ ಲಂಡನ್ನಿನ ‘ಸಂಡೇ ಟೈಮ್ಸ್’ ವಾರಪತ್ರಿಕೆಗೂ ಸುದ್ದಿ ಕಳಿಸುತ್ತಿದ್ದರು. ‘ಮಾರ್ನಿಂಗ್ ನ್ಯೂಸ್’ ಸರ್ಕಾರದ ನೆರಳಿನಲ್ಲಿದ್ದ ಪತ್ರಿಕೆ. 1952ರ ಫೆಬ್ರವರಿಯಲ್ಲಿ ಬಂಗಾಳಿ ಭಾಷಾ ಚಳವಳಿಯನ್ನು ಹೀಗಳೆದು ಬರೆದುದಕ್ಕಾಗಿ ಢಾಕಾದ ಜನರು ಅದು ಅಚ್ಚಾಗುತ್ತಿದ್ದ ಮುದ್ರಣಾಲಯಕ್ಕೆ ಬೆಂಕಿ ಹಚ್ಚಿದ್ದರು. ಬಂಗಾಳಿಯೂ ಅಲ್ಲದ, ಅಂಥ ಪತ್ರಿಕೆಯಲ್ಲಿ ಕೆಲಸಮಾಡುತ್ತಿದ್ದ ಪತ್ರಕರ್ತನಿಂದ ಸೇನೆಯು ಯಾವ ಅಪಾಯವನ್ನೂ ನಿರೀಕ್ಷಿಸಿರಲಿಕ್ಕಿಲ್ಲ.

ಸೇನೆಗೆ ಇಂಥ ಪತ್ರಕರ್ತರ ಅಗತ್ಯ ಬಿದ್ದ ಸಂದರ್ಭವನ್ನು ಇಲ್ಲಿ ನೆನೆಯಬೇಕು. 1970ರ ಡಿಸೆಂಬರ್ ಚುನಾವಣೆಯಲ್ಲಿ ಶೇಖ್ ಮುಜೀಬುರ್ ರಹಮಾನರ ಅವಾಮಿ ಲೀಗ್ ಪಕ್ಷವು ಪೂರ್ವ ಪಾಕಿಸ್ತಾನದ, ಅಂದರೆ ಪೂರ್ವ ಬಂಗಾಳದ, 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಗೆದ್ದು ಇಡೀ ದೇಶದ ರಾಷ್ಟ್ರೀಯ ಸಭೆಯಲ್ಲೇ ಬಹುಮತ ಪಡೆದಿತ್ತು. ಮಾರ್ಚ್ 3ಕ್ಕೆ ಸೇರಬೇಕಾಗಿದ್ದ ಸಭೆಯನ್ನು ಅಧ್ಯಕ್ಷ ಜನರಲ್ ಯಾಹ್ಯಾ ಖಾನ್ ಮುಂದೂಡಿದ್ದರಿಂದ ಪೂರ್ವದಲ್ಲಿ ಅಸಹಕಾರ ಚಳವಳಿ ಭುಗಿಲೆದ್ದಿತು, ಮತ್ತು ಮಾರ್ಚ್ 25ರ ರಾತ್ರಿ ‘ಆಪರೇಷನ್ ಸರ್ಚ್‌ಲೈಟ್’ ಎಂಬ ಹೆಸರಿನಲ್ಲಿ ಸೇನೆಯು ಢಾಕಾ ನಗರದ ಮೇಲೆ, ಮುಖ್ಯವಾಗಿ ವಿಶ್ವವಿದ್ಯಾಲಯ, ಪೊಲೀಸ್ ಠಾಣ್ಯ ಮತ್ತು ಹಳೆಯ ಪೇಟೆಯ ಹಿಂದೂ ಕೇರಿಗಳ ಮೇಲೆ ಎರಗಿತು. ಅಲ್ಲಿದ್ದ ವಿದೇಶಿ ವರದಿಗಾರರನ್ನು ಇಂಟರ್‌ಕಾಂಟಿನೆಂಟಲ್ ಹೋಟೆಲಿನಲ್ಲಿ ಕೂಡಿಹಾಕಿ, ಟಿಪ್ಪಣಿಗಳನ್ನು ಕಿತ್ತುಕೊಂಡು, ದೇಶದಿಂದ ಹೊರಹಾಕಲಾಯಿತು. ಹೋಟೆಲಿನಲ್ಲೇ ಅಡಗಿ ಉಳಿದ ‘ಡೈಲಿ ಟೆಲಿಗ್ರಾಫ್’ನ ಸೈಮನ್ ಡ್ರಿಂಗ್ ನಗರವನ್ನು ಕಣ್ಣಾರೆ ಕಂಡು ಬರೆದ ವರದಿಯು ಮಾರ್ಚ್ 30ರಂದು ಪ್ರಕಟವಾಯಿತು, ಅದರ ಹಿಂದಿನ ದಿನವಷ್ಟೇ, ಮೈ ಲಾಯ್ ಕೊಲೆಗಳಿಗಾಗಿ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಯನ್ನು ಅಮೆರಿಕದ ಸೇನಾ ನ್ಯಾಯಾಲಯವು ತಪ್ಪಿತಸ್ಥನೆಂದು ತೀರ್ಮಾನಿಸಿತ್ತು. ಹೀಗೆ ಒಂದು ಹತ್ಯಾಕಾಂಡದ ತೀರ್ಪು ಹೊರಬಿದ್ದ ವಾರದಲ್ಲೇ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಇನ್ನೊಂದು ಹತ್ಯಾಕಾಂಡವು ಏಷ್ಯಾದ ಮತ್ತೊಂದು ಮೂಲೆಯಲ್ಲಿ ಮೊದಲಾಗಿತ್ತು.

ವಿದೇಶಿಯರು ಹೊರಟುಹೋದ ಮೇಲೆ ಉಳಿದದ್ದು ಗಡಿ ದಾಟಿ ಭಾರತಕ್ಕೆ ಬರುತ್ತಿದ್ದ ನಿರಾಶ್ರಿತರ ಮಾತು. ಅದನ್ನು ಇಸ್ಲಾಮಾಬಾದಿನ ಸರ್ಕಾರವು ಭಾರತದ ಅಪಪ್ರಚಾರವೆಂದು ಸುಲಭವಾಗಿ ತಳ್ಳಿಹಾಕುತ್ತಿತ್ತು. ಆದರೂ ಅನುಮಾನ ಹಬ್ಬುತ್ತಿದ್ದುದರಿಂದ, ಪೂರ್ವದಲ್ಲಿ ಎಲ್ಲವೂ ಸಹಜಸ್ಥಿತಿಗೆ ಮರಳಿದೆಯೆಂದು ಬರೆಸುವ ಉದ್ದೇಶದಿಂದ, ಏಪ್ರಿಲ್‌ನಲ್ಲಿ ಎಂಟು ಮಂದಿ ಪಾಕಿಸ್ತಾನಿ ಪತ್ರಕರ್ತರನ್ನು ಸೇನೆಯೇ ವಿಮಾನದಲ್ಲಿ ಕರೆದೊಯ್ದು ಹತ್ತು ದಿನಗಳ ಪ್ರವಾಸ ಮಾಡಿಸಿತು. ಏಳು ಮಂದಿ ಮರಳಿ ಬಂದು ತಮಗೆ ಹೇಳಿದಂತೆ ಬರೆದರು. ಆ ಏಳು ಮಂದಿಯನ್ನು ಇಷ್ಟು ದೂರದಿಂದ ಹಳಿಯುವುದು ಸುಲಭ. ಅಚ್ಚಿಗೆ ಹೋಗುವ ಪ್ರತಿಯೊಂದು ಸಾಲನ್ನೂ ಸೇನೆಯ ಸೆನ್ಸಾರ್ ಅಧಿಕಾರಿಗಳು ಓದುತ್ತಿದ್ದ ಕಾಲವದು ಎಂಬುದನ್ನು ಮರೆಯಬಾರದು. ಎಂಟನೆಯವರು ಮಸ್ಕರೇನ್ಹಸ್.

ಅವರು ಸೇನೆಯ 9ನೇ ಡಿವಿಷನ್ನಿನ ಅಧಿಕಾರಿಗಳೊಂದಿಗೆ ಕುಮಿಲ್ಲಾ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ಆರು ದಿನ ತಿರುಗಾಡಿದರು. ಡಿವಿಷನ್ ಎಂದರೆ ಹಲವು ಬ್ರಿಗೇಡುಗಳು ಸೇರಿದ, ಮೇಜರ್ ಜನರಲ್ ದರ್ಜೆಯ ಅಧಿಕಾರಿಯ ಕೈಕೆಳಗಿನ ದೊಡ್ಡ ಪಡೆ. ಪಶ್ಚಿಮದಿಂದ ವಿಮಾನದಲ್ಲಿ ತಂದಿಳಿಸಿದ್ದ ಈ ಪಡೆಗೆ ಪೂರ್ವದ ಗಡಿಜಿಲ್ಲೆಗಳನ್ನು ವಹಿಸಲಾಗಿತ್ತು. ಅಧಿಕಾರಿಗಳು ಅತಿಥಿಯ ಎದುರಿಗೆ ಏನನ್ನೂ ಮುಚ್ಚಿಡಲಿಲ್ಲ. ತಾವು ಮಾಡುತ್ತಿರುವುದು ಸರಿಯಾದ ಕೆಲಸವೆಂದೇ ಅವರು ನಂಬಿದ್ದರು, ಮತ್ತು ಜೊತೆಗಿರುವವನೂ ತಮ್ಮವನೇ ಎಂದುಕೊಂಡಿದ್ದರು. ಕುಮಿಲ್ಲಾದ ದಕ್ಷಿಣಕ್ಕಿರುವ ಒಂದು ಸಣ್ಣ ಹಳ್ಳಿಯ ಅಂಚಿನಲ್ಲಿ, ಪಹರೆಯ ಸೈನಿಕರನ್ನು ಕಂಡು ಓಡಿದ 24 ವರ್ಷದ ಬಡಕಲು ಯುವಕನೊಬ್ಬನನ್ನು ಸುತ್ತುವರಿದು ಗುಂಡಿಕ್ಕಲು ನಿಂತಿದ್ದರು. ಓಡಿದವನನ್ನು ಸಾಮಾನ್ಯವಾಗಿ ವಿಚಾರಿಸುವ ಪದ್ಧತಿಯೇ ಇಲ್ಲವೆಂದೂ, ಅತಿಥಿಯು ಹೊಸಬರಾದುದರಿಂದ ಅವರ ಸಲುವಾಗಿ ವಿಚಾರಿಸುತ್ತಿರುವುದಾಗಿಯೂ ಜೊತೆಗಿದ್ದ ಮೇಜರ್ ವಿವರಿಸಿದನು. ಯುವಕನು ಸುನ್ನತಿಯಾದವನೆಂದು, ಅಂದರೆ ಹಿಂದೂ ಅಲ್ಲವೆಂದು, ಬಟ್ಟೆ ಬಿಚ್ಚಿಸಿ ನೋಡಿ ಖಚಿತಪಡಿಸಿಕೊಂಡರು. ಅವನು ಢಾಕಾದ ನ್ಯೂ ಮಾರ್ಕೆಟ್ಟಿನಲ್ಲಿ ದರ್ಜಿಯ ಕೆಲಸ ಮಾಡುವವನೆಂದು ತಿಳಿಯಿತು. ಆ ಹೊತ್ತಿಗೆ ಅಲ್ಲೊಬ್ಬ ಪತ್ರಕರ್ತ ಇದ್ದುದರಿಂದ ಅವನು ಬದುಕಿದನು.

ಮಸ್ಕರೇನ್ಹಸರ ವರದಿಯಲ್ಲಿ ಇದಕ್ಕಿಂತಲೂ ಭಾರವಾದ ಒಂದು ಪ್ರಸಂಗವಿದೆ, ಅದು ನಡೆದದ್ದು ಕುಮಿಲ್ಲಾದ ಸರ್ಕಿಟ್ ಹೌಸಿನಲ್ಲಿ. ಬ್ರಿಟಿಷರ ಕಾಲದಿಂದಲೂ ಪ್ರವಾಸದಲ್ಲಿರುವ ಅಧಿಕಾರಿಗಳ ತಂಗುದಾಣವಾಗಿದ್ದ ಈ ಕಟ್ಟಡವೇ ಆಗ ಅಲ್ಲಿನ ಸೇನಾಡಳಿತದ ಕಚೇರಿಯಾಗಿತ್ತು. ಒಬ್ಬ ಮೇಜರನ ಮುಂದೆ ಉರ್ದು ಮಾತಿನ ಬಿಹಾರಿ ಪೊಲೀಸ್ ಸಬ್‌ಇನ್‌ಸ್ಪೆಕ್ಟರನೊಬ್ಬ ಠಾಣೆಯಲ್ಲಿ ಹಿಡಿದಿಟ್ಟವರ ಪಟ್ಟಿಯನ್ನು ತಂದಿಟ್ಟನು. ಮೇಜರನು ಪೆನ್ಸಿಲಿನಿಂದ ನಾಲ್ಕು ಹೆಸರುಗಳಿಗೆ ಗುರುತು ಹಾಕಿ, ಇವರನ್ನು ಸಂಜೆ ‘ವಿಲೇವಾರಿ’ಗೆ ತರಬೇಕೆಂದು ಹೇಳಿ, ಪಟ್ಟಿಯನ್ನು ಮತ್ತೊಮ್ಮೆ ನೋಡಿ ಐದನೆಯವನೊಬ್ಬನನ್ನೂ ಸೇರಿಸಿದನು. ಇಬ್ಬರು ಹಿಂದೂಗಳು, ಒಬ್ಬ ವಿದ್ಯಾರ್ಥಿ, ಒಬ್ಬ ಅವಾಮಿ ಲೀಗಿನ ಸಂಘಟಕ. ಐದನೆಯವನು, ಊರು ಬಿಟ್ಟ ಹಿಂದೂ ಸ್ನೇಹಿತನ ಮನೆಯ ಸಾಮಾನುಗಳನ್ನು ತನ್ನ ಮನೆಗೆ ಸಾಗಿಸುತ್ತಿದ್ದಾಗ ಸಿಕ್ಕಿಬಿದ್ದ, ಕಳ್ಳನೆಂಬ ಹಣೆಪಟ್ಟಿ ಹೊತ್ತ ಹುಡುಗ. ಈ ಮಾತುಕತೆ ನಡೆಯುತ್ತಿದ್ದಾಗ ಕೋಣೆಯಲ್ಲಿದ್ದವರು ಎಳನೀರು ಕುಡಿಯುತ್ತಿದ್ದರು. ಸಂಜೆ ಒಂದೇ ಹಗ್ಗದಲ್ಲಿ ಕಟ್ಟಿದ ಐವರನ್ನು ಸರ್ಕಿಟ್ ಹೌಸಿನ ಅಂಗಳಕ್ಕೆ ನಡೆಸಿಕೊಂಡು ಬಂದದ್ದನ್ನು ಮಸ್ಕರೇನ್ಹಸ್ ಕಂಡರು. ಆರು ಗಂಟೆಯ ಕರ್ಫ್ಯೂ ಮೊದಲಾದ ಸ್ವಲ್ಪ ಹೊತ್ತಿಗೆ, ದೊಣ್ಣೆಗಳ ಹೊಡೆತದ ಸದ್ದಿಗೆ ಮರದಲ್ಲಿದ್ದ ಗೊರವಂಕಗಳು ಬೆದರಿ ಕಿರುಚುತ್ತ ಎದ್ದದ್ದನ್ನು ಅವರು ಕೇಳಿದರು.

ವರದಿಯ ಬಲವು ಇಲ್ಲಿದೆ. ನಿರಾಶ್ರಿತನಾದವನು ತನ್ನ ಹಳ್ಳಿ ಸುಟ್ಟದ್ದನ್ನು ಹೇಳಬಲ್ಲ, ತನ್ನ ಮನೆಯವರ ಸಾವನ್ನು ಹೇಳಬಲ್ಲ. ಆದರೆ ಯಾರ ಹೆಸರಿಗೆ ಯಾರು ಯಾವ ಕಾರಣಕ್ಕೆ ಗುರುತು ಹಾಕಿದರೆಂಬುದು ಅವನಿಗೆ ತಿಳಿದಿರುವುದಿಲ್ಲ. ಕೊಲೆಗಳು ಯಾವುದೋ ಒಂದು ತುಕಡಿಯ ಹುಚ್ಚಾಟವೋ ಅಥವಾ ಮೇಲಿನಿಂದ ಇಳಿದುಬಂದ ಯೋಜನೆಯೋ ಎಂಬ ಪ್ರಶ್ನೆಯೇ ಇಂಥ ಅಪರಾಧಗಳ ವಿಚಾರಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಅದಕ್ಕೆ ಉತ್ತರ ಸಿಗುವುದು ಬಲಿಯಾದವರ ಕಡೆಯಿಂದಲ್ಲ. ಮಸ್ಕರೇನ್ಹಸ್ ರಾತ್ರಿಯ ಹೊತ್ತು ಅಧಿಕಾರಿಗಳ ಮೆಸ್ಸಿನಲ್ಲಿ ಊಟಕ್ಕೆ ಕುಳಿತು, ಆ ದಿನ ಎಷ್ಟು ಮಂದಿಯನ್ನು ಕೊಂದಿರೆಂದು ಅವರು ಪರಸ್ಪರ ಕೇಳಿಕೊಳ್ಳುವುದನ್ನು ಕಿವಿಯಾರೆ ಕೇಳಿದರು. ಪ್ರಾಂತ್ಯವನ್ನು ಪ್ರತ್ಯೇಕತೆಯ ಬೆದರಿಕೆಯಿಂದ ಶಾಶ್ವತವಾಗಿ ‘ಶುದ್ಧೀಕರಿಸುವ’ ಗುರಿಯ ಬಗ್ಗೆ ಢಾಕಾ ಮತ್ತು ಕುಮಿಲ್ಲಾಗಳ ಹಿರಿಯ ಅಧಿಕಾರಿಗಳು ಅವರಿಗೆ ಬಾಯಿಬಿಟ್ಟು ಹೇಳಿದರು. ಹೀಗೆ ಮೆಸ್ಸಿನ ಮಾತು, ಕಚೇರಿಯ ಪಟ್ಟಿ ಮತ್ತು ಹಳ್ಳಿಯ ಹೊಗೆ ಮೂರನ್ನೂ ಒಬ್ಬನೇ ಸಾಕ್ಷಿಯು ಕಂಡದ್ದರಿಂದ, ಆಜ್ಞೆಗೂ ಕೃತ್ಯಕ್ಕೂ ನಡುವಣ ಕೊಂಡಿ ಮೊದಲ ಬಾರಿಗೆ ಅಚ್ಚಿನಲ್ಲಿ ಮೂಡಿತು.

ಕರಾಚಿಗೆ ಮರಳಿದಾಗ ಅವರು ತೀರ ಜರ್ಜರಿತರಾಗಿದ್ದರೆಂದೂ, ಕಂಡದ್ದನ್ನು ಬರೆಯಲಾಗದಿದ್ದರೆ ಇನ್ನು ಮುಂದೆ ತಾನು ಏನನ್ನೂ ಬರೆಯಲಾರೆನೆಂದು ಹೇಳಿದರೆಂದೂ ಅವರ ಪತ್ನಿ ಮುಂದೆ ನೆನೆದುಕೊಂಡಿದ್ದಾರೆ. ಪಾಕಿಸ್ತಾನದಲ್ಲಿ ಅದನ್ನು ಪ್ರಕಟಿಸಲು ಯತ್ನಿಸಿದರೆ ಗುಂಡೇಟು ಖಚಿತವೆಂಬುದು ಅವರ ಎಣಿಕೆ. ಆದುದರಿಂದ ಅಕ್ಕತಂಗಿಯರಲ್ಲೊಬ್ಬರಿಗೆ ಕಾಯಿಲೆಯೆಂಬ ನೆಪ ಹೇಳಿ ಲಂಡನ್ನಿಗೆ ಹೋಗಿ, ಮೇ 18ರಂದು ‘ಸಂಡೇ ಟೈಮ್ಸ್’ ಕಚೇರಿಯಲ್ಲಿ ಸಂಪಾದಕ ಹೆರಾಲ್ಡ್ ಇವಾನ್ಸರನ್ನು ಕಂಡರು. ಪ್ರಕಟಿಸಲು ಇವಾನ್ಸ್ ಒಪ್ಪಿದರು; ಆದರೆ ಪತ್ನಿ ಮತ್ತು ಐವರು ಮಕ್ಕಳು ಕರಾಚಿಯಲ್ಲಿರುವವರೆಗೆ ಒಂದಕ್ಷರವೂ ಅಚ್ಚಾಗುವಂತಿರಲಿಲ್ಲ. ಆನ್ ಎಂಬವಳ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂಬ ತಂತಿ ಬಂದರೆ ಮನೆ ಬಿಟ್ಟು ಹೊರಡಬೇಕೆಂಬುದು ಗಂಡಹೆಂಡಿರ ನಡುವಣ ಸಂಕೇತವಾಗಿತ್ತು. ಆ ತಂತಿ ಬೆಳಗಿನ ಜಾವ ಬಂತು. ತಲೆಗೊಂದೇ ಪೆಟ್ಟಿಗೆಯ ಸಾಮಾನಿನೊಡನೆ ತಾಯಿಮಕ್ಕಳು ದೇಶ ಬಿಡಬೇಕಾಯಿತು. ಯಾರಿಗೂ ಸಂಶಯ ಬಾರದಿರಲೆಂದು, ಅವರು ಹೊರಡುವ ಮೊದಲೇ ಮಸ್ಕರೇನ್ಹಸ್ ಕರಾಚಿಗೆ ಮರಳಿದ್ದರು. ಆಗಿನ ನಿಯಮದಂತೆ ಪಾಕಿಸ್ತಾನಿ ಪ್ರಜೆಗೆ ವರ್ಷಕ್ಕೊಂದೇ ವಿದೇಶ ಪ್ರಯಾಣದ ಅನುಮತಿ ಇದ್ದುದರಿಂದ ಅವರಿಗೆ ವಿಮಾನದ ದಾರಿ ಮುಚ್ಚಿತ್ತು, ಹೀಗಾಗಿ ಭೂಮಾರ್ಗದಿಂದ ಗುಟ್ಟಾಗಿ ಅಫ್ಘಾನಿಸ್ತಾನದ ಗಡಿ ದಾಟಿದರು. ಕುಟುಂಬವು ಲಂಡನ್ನಿನಲ್ಲಿ ಒಂದಾದ ಮರುದಿನ, 1971ರ ಜೂನ್ 13ರ ಭಾನುವಾರ, ಪತ್ರಿಕೆಯ ನಡುಪುಟಗಳ ತುಂಬ ‘ಜೆನೊಸೈಡ್’ ಎಂಬ ಒಂದೇ ಪದದ ಶೀರ್ಷಿಕೆಯಡಿ ಅವರ ವರದಿ ಹೊರಬಂತು.

ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಸಮುದಾಯವನ್ನು ಪೂರ್ಣವಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶದಿಂದ ಎಸಗುವ ಕೃತ್ಯಗಳನ್ನು ವಿಶ್ವಸಂಸ್ಥೆಯ 1948ರ ಒಡಂಬಡಿಕೆಯು ಈ ಹೆಸರಿನಿಂದ ಅಪರಾಧವೆಂದು ಸಾರಿದೆ. ಕನ್ನಡದಲ್ಲಿ ಇದನ್ನು ಜನಾಂಗಹತ್ಯೆ ಎನ್ನುತ್ತೇವೆ. ಪಾಕಿಸ್ತಾನವೂ 1957ರಲ್ಲಿ ಆ ಒಡಂಬಡಿಕೆಯನ್ನು ಅನುಮೋದಿಸಿತ್ತು. ಆದುದರಿಂದ ಶೀರ್ಷಿಕೆಯು ಕೇವಲ ಆಕ್ರೋಶದ ಮಾತಾಗಿರದೆ ಕಾನೂನಿನ ಆರೋಪವೂ ಆಗಿತ್ತು, ಮತ್ತು ಹಿಂದೂಗಳನ್ನು ಹಿಂದೂಗಳೆಂಬ ಕಾರಣಕ್ಕೇ ಹಳ್ಳಿಯಿಂದ ಹಳ್ಳಿಗೆ ಬೆನ್ನಟ್ಟಿ ಕೊಂದ ವಿವರಗಳು ಆ ಆರೋಪಕ್ಕೆ ಆಧಾರ ಒದಗಿಸಿದವು. ಅದೇ ವರದಿಯಲ್ಲಿ ಮಸ್ಕರೇನ್ಹಸ್, ಮಾರ್ಚ್ ತಿಂಗಳಲ್ಲಿ ಬಂಗಾಳಿ ಗುಂಪುಗಳು ಮತ್ತು ದಂಗೆಯೆದ್ದ ಬಂಗಾಳಿ ಸೈನಿಕರು ಬಿಹಾರಿಗಳೆಂದು ಕರೆಯಲಾಗುವ ಉರ್ದು ಮಾತಿನ ವಲಸಿಗರನ್ನು ಬರ್ಬರವಾಗಿ ಕೊಂದದ್ದನ್ನೂ ಮುಚ್ಚುಮರೆಯಿಲ್ಲದೆ ಬರೆದರು. ಸೇನೆಯು ತನ್ನ ಕೃತ್ಯಗಳಿಗೆ ಸಮರ್ಥನೆಯಾಗಿ ಮುಂದಿಡುತ್ತಿದ್ದುದು ಇದನ್ನೇ. ಆ ಸಾವುಗಳನ್ನು ಬಿಟ್ಟು ಬರೆದಿದ್ದರೆ ವರದಿಯು ಇನ್ನಷ್ಟು ಜನಪ್ರಿಯವಾಗುತ್ತಿತ್ತೇನೋ, ಆದರೆ ಅದನ್ನು ಸಾಕ್ಷ್ಯವೆಂದು ಕರೆಯಲಾಗುತ್ತಿರಲಿಲ್ಲ. ಎರಡನ್ನೂ ಕಂಡವನಾಗಿ, ಸೇನೆಯು ಯೋಜಿಸಿ ನಡೆಸುತ್ತಿರುವ ಹತ್ಯೆಯ ಪ್ರಮಾಣವೇ ಬೇರೆಯೆಂದು ಅವರು ಹೇಳಿದುದರಿಂದಲೇ ಆ ಮಾತಿಗೆ ತೂಕ ಬಂತು.

ಈ ವರದಿ ತನ್ನ ಮನಸ್ಸನ್ನು ತೀವ್ರವಾಗಿ ಕಲಕಿತೆಂದೂ, ಯುರೋಪಿನ ರಾಜಧಾನಿಗಳಿಗೂ ಮಾಸ್ಕೋಗೂ ಹೋಗಿ ಮಾತುಕತೆ ನಡೆಸಲು ಅದು ಪ್ರೇರಣೆಯಾಯಿತೆಂದೂ ಇಂದಿರಾ ಗಾಂಧಿಯವರು ಹೇಳಿದುದಾಗಿ ಇವಾನ್ಸ್ ದಾಖಲಿಸಿದ್ದಾರೆ. ಇದನ್ನು ಆಧರಿಸಿ ಒಂದು ಲೇಖನವೇ ಯುದ್ಧದ ಗತಿಯನ್ನು ತಿರುಗಿಸಿತೆಂದು ಹೇಳುವುದು ಮಾತ್ರ ಅತಿಯಾಗುತ್ತದೆ. ಭಾರತದ ಸಂಸತ್ತು ಮಾರ್ಚ್ 31ರಂದೇ ಪೂರ್ವ ಬಂಗಾಳದ ಜನರಿಗೆ ಬೆಂಬಲ ಸೂಚಿಸುವ ನಿರ್ಣಯ ಕೈಗೊಂಡಿತ್ತು. ಮುಂದೆ ಒಂದು ಕೋಟಿಯಷ್ಟಾದ ನಿರಾಶ್ರಿತರ ಭಾರವೇ ದೆಹಲಿಯನ್ನು ಒಂದು ತೀರ್ಮಾನದತ್ತ ತಳ್ಳುತ್ತಿತ್ತು. ಅಮೆರಿಕದ ಸರ್ಕಾರಕ್ಕಂತೂ ಢಾಕಾದಲ್ಲಿದ್ದ ತನ್ನದೇ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್ 6ರಂದು ಕಳಿಸಿದ ಪ್ರತಿಭಟನೆಯ ತಂತಿಯಿಂದ ವಿಷಯ ಗೊತ್ತಿತ್ತು. ಪಾಕಿಸ್ತಾನದ ಮೂಲಕ ಚೀನಾದೊಡನೆ ಗುಟ್ಟಿನ ಸಂಪರ್ಕ ಬೆಳೆಸುವ ಯತ್ನದಲ್ಲಿದ್ದುದರಿಂದ ಅದು ಸುಮ್ಮನಿತ್ತು. ವರದಿಯಿಂದ ನಿಜವಾಗಿ ಆದದ್ದೆಂದರೆ, ಎಲ್ಲವೂ ಭಾರತದ ಕಟ್ಟುಕತೆಯೆಂಬ ಸಮಜಾಯಿಷಿಗೆ ಇನ್ನು ಮುಂದೆ ಬ್ರಿಟನ್ ಮತ್ತು ಯುರೋಪಿನ ಓದುಗರಲ್ಲಿ ಬೆಲೆ ಉಳಿಯಲಿಲ್ಲ. ಪಾಕಿಸ್ತಾನದ ಸರ್ಕಾರವು ಬರೆದವರನ್ನು ದೇಶದ್ರೋಹಿಯೆಂದು ಜರೆಯಿತು.

ದೇಶ ಬಿಡುವ ಅವಕಾಶವಾದರೂ ಮಸ್ಕರೇನ್ಹಸರಿಗೆ ಇತ್ತು. ಪೂರ್ವ ಬಂಗಾಳದ ಒಳಗೇ ಉಳಿದು ಕೆಲಸ ಮಾಡಿದ ಪತ್ರಕರ್ತರಿಗೆ ಅದೂ ಇರಲಿಲ್ಲ. ‘ಇತ್ತೆಫಾಕ್’ ಪತ್ರಿಕೆಯ ಕಚೇರಿಯನ್ನು ಮಾರ್ಚ್ ಕೊನೆಯಲ್ಲೇ ಸೇನೆ ಸುಟ್ಟಿತ್ತು. ಡಿಸೆಂಬರಿನಲ್ಲಿ ಸೋಲು ಖಚಿತವಾದಾಗ ಸೇನೆಯ ಬೆಂಬಲಕ್ಕಿದ್ದ ಅಲ್-ಬದರ್ ಪಡೆಯು ಬಂಗಾಳಿ ವಿದ್ವಾಂಸರನ್ನೂ ವೈದ್ಯರನ್ನೂ ಮನೆಗಳಿಂದ ಎಳೆದೊಯ್ದು ಕೊಂದ ದಿನಗಳಲ್ಲಿ, ಅದೇ ‘ಇತ್ತೆಫಾಕ್’ನ ಸಿರಾಜುದ್ದೀನ್ ಹುಸೇನ್, ‘ಸಂಗ್‌ಬಾದ್’ನ ಶಹೀದುಲ್ಲಾ ಕೈಸರ್, ‘ಶಿಲಾಲಿಪಿ’ಯ ಸಂಪಾದಕಿ ಸೆಲಿನಾ ಪರ್ವೀನ್ ಕೂಡ ಬಲಿಯಾದರು. ಮಸ್ಕರೇನ್ಹಸರ ಹೆಸರನ್ನು ನೆನೆಯುವಾಗ ಈ ಹೆಸರುಗಳನ್ನೂ ಜೊತೆಗಿಟ್ಟು ನೆನೆಯುವುದು ನ್ಯಾಯ.

ಲಂಡನ್ನಿನಲ್ಲಿ ನೆಲೆಸಿದ ಮಸ್ಕರೇನ್ಹಸ್ 1971ರಲ್ಲಿಯೇ ‘ದಿ ರೇಪ್ ಆಫ್ ಬಾಂಗ್ಲಾದೇಶ್’ ಎಂಬ ಪುಸ್ತಕವನ್ನು ಪ್ರಕಟಿಸಿ, ‘ಸಂಡೇ ಟೈಮ್ಸ್’ನಲ್ಲಿಯೇ ಕೆಲಸ ಮುಂದುವರಿಸಿದರು. ಒಮ್ಮೆ ಒಂದು ಪಕ್ಷದ ಸಂಕಟವನ್ನು ಬರೆದ ಪತ್ರಕರ್ತರು ಬಳಿಕ ಆ ಪಕ್ಷದ ತಪ್ಪುಗಳಿಗೆ ಕಣ್ಣು ಮುಚ್ಚಿಕೊಳ್ಳುವುದು ಅಪರೂಪವಲ್ಲ. ಅವರು ಹಾಗೆ ಮಾಡಲಿಲ್ಲ. 1975ರ ಆಗಸ್ಟ್‌ನಲ್ಲಿ ಶೇಖ್ ಮುಜೀಬ್ ಕುಟುಂಬಸಮೇತ ಕೊಲೆಯಾದ ಮೇಲೆ, ಅದರ ಹಿಂದಿದ್ದ ಇಬ್ಬರು ಸೇನಾಧಿಕಾರಿಗಳಾದ ಫಾರೂಕ್ ಮತ್ತು ರಶೀದರನ್ನು 1976ರಲ್ಲಿ ಬ್ರಿಟಿಷ್ ದೂರದರ್ಶನಕ್ಕಾಗಿ ಸಂದರ್ಶಿಸಿ ಅವರ ಬಾಯಿಂದಲೇ ಒಪ್ಪಿಗೆಯ ಮಾತು ಹೊರಡಿಸಿದರು. ಕೃತ್ಯವೆಸಗಿದವರು ತಮ್ಮ ಸಮರ್ಥನೆಯನ್ನು ತಾವೇ ಹೇಳುವಂತೆ ಬಿಟ್ಟು ಕೇಳಿಸಿಕೊಳ್ಳುವ ಕುಮಿಲ್ಲಾದ ಕ್ರಮವೇ ಇಲ್ಲಿಯೂ ಇದೆ. 1979ರಲ್ಲಿ ಪಾಕಿಸ್ತಾನದ ಅಣ್ವಸ್ತ್ರ ಯತ್ನಗಳ ಕುರಿತ ಅವರ ವರದಿಯೂ ಗಮನ ಸೆಳೆಯಿತು. ಸ್ವತಂತ್ರ ಬಾಂಗ್ಲಾದೇಶದ ಮೊದಲ ದಶಕದ ರಕ್ತಪಾತವನ್ನು ನಿರೂಪಿಸುವ ‘ಎ ಲೆಗಸಿ ಆಫ್ ಬ್ಲಡ್’ 1986ರಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಕಾನೂನು ಮಾತ್ರ ವರದಿಯ ಹಿಂದೆ ಹೆಜ್ಜೆಹಾಕಲಿಲ್ಲ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಪಡೆಗಳು ಶರಣಾದ ಮೇಲೆ, ಸೆರೆಸಿಕ್ಕವರ ಪೈಕಿ 195 ಮಂದಿಯನ್ನು ಯುದ್ಧಾಪರಾಧಗಳಿಗಾಗಿ ವಿಚಾರಣೆಗೆ ಗುರಿಪಡಿಸುವುದಾಗಿ ಬಾಂಗ್ಲಾದೇಶ ಘೋಷಿಸಿ, 1973ರಲ್ಲಿ ಅದಕ್ಕಾಗಿ ಒಂದು ಕಾಯಿದೆಯನ್ನೂ ಮಾಡಿತು. ಆದರೆ 1974ರ ಏಪ್ರಿಲ್‌ನಲ್ಲಿ ಮೂರು ದೇಶಗಳು ದೆಹಲಿಯಲ್ಲಿ ಮಾಡಿಕೊಂಡ ಒಪ್ಪಂದದಂತೆ ಆ 195 ಮಂದಿಯೂ ವಿಚಾರಣೆಯಿಲ್ಲದೆ ಪಾಕಿಸ್ತಾನಕ್ಕೆ ಮರಳಿದರು. 1973ರ ಅದೇ ಕಾಯಿದೆಯಡಿ 2010ರಲ್ಲಿ ಢಾಕಾದಲ್ಲಿ ನ್ಯಾಯಮಂಡಳಿ ರಚನೆಯಾದಾಗ ಕಟಕಟೆಗೆ ಬಂದವರು ಸ್ಥಳೀಯ ಸಹಚರರೇ ಹೊರತು ಆಜ್ಞೆಯಿತ್ತ ಸೇನಾಧಿಕಾರಿಗಳಲ್ಲ. ಸತ್ತವರ ಸಂಖ್ಯೆಯೂ ಇಂದಿಗೂ ವಿವಾದದ ವಿಷಯವಾಗಿದ್ದು, ಬಾಂಗ್ಲಾದೇಶದ ಅಧಿಕೃತ ಲೆಕ್ಕವು 30 ಲಕ್ಷವೆನ್ನುತ್ತದೆ, ಅನೇಕ ಸಂಶೋಧಕರ ಅಂದಾಜು ಅದಕ್ಕಿಂತ ಬಹಳ ಕಡಿಮೆಯಿದೆ, ಪಾಕಿಸ್ತಾನದ ಸೇನೆಯು ಒಪ್ಪಿಕೊಂಡದ್ದು ಸುಮಾರು 26,000.

ಈ ಕೊನೆಯ ಅಂಕಿ ದೊರೆಯುವುದು, ಸೋಲಿನ ಕಾರಣಗಳನ್ನು ಅರಿಯಲು ಪಾಕಿಸ್ತಾನವೇ ಮುಖ್ಯ ನ್ಯಾಯಮೂರ್ತಿ ಹಮೂದುರ್ ರಹಮಾನರ ನೇತೃತ್ವದಲ್ಲಿ ನೇಮಿಸಿದ ಆಯೋಗದ ವರದಿಯಲ್ಲಿ. ಸರ್ಕಾರವು ಅದನ್ನು ದಶಕಗಳ ಕಾಲ ಬಚ್ಚಿಟ್ಟಿತು. 2000ನೇ ಇಸವಿಯ ಆಗಸ್ಟ್‌ನಲ್ಲಿ ಭಾರತದ ನಿಯತಕಾಲಿಕವೊಂದರಲ್ಲಿ ಅದರ ಪೂರಕ ಭಾಗ ಪ್ರಕಟವಾಗಿ, ವರ್ಷದ ಕೊನೆಗೆ ಪಾಕಿಸ್ತಾನವೂ ಅದನ್ನು ಬಿಡುಗಡೆ ಮಾಡಬೇಕಾಯಿತು. ಅದರಲ್ಲಿ ಪಾಕಿಸ್ತಾನಿ ಅಧಿಕಾರಿಗಳೇ ನುಡಿದ ಸಾಕ್ಷ್ಯಗಳಿವೆ: ಹಿಂದೂಗಳನ್ನು ಕೊಲ್ಲಬೇಕೆಂದು ಮೇ ತಿಂಗಳಲ್ಲಿ ಲಿಖಿತ ಆದೇಶ ಬಂದಿತ್ತೆಂದು ಒಬ್ಬ ಲೆಫ್ಟಿನೆಂಟ್ ಕರ್ನಲ್ ಹೇಳಿದ್ದಾನೆ, ಮಸ್ಕರೇನ್ಹಸ್ ಕುಮಿಲ್ಲಾಕ್ಕೆ ಬರುವ ಕೆಲವೇ ವಾರಗಳ ಮುಂಚೆ, ಮಾರ್ಚ್ 27 ಮತ್ತು 28ರ ನಡುವೆ, ಅಲ್ಲಿನ ದಂಡುಪ್ರದೇಶದಲ್ಲಿ 17 ಮಂದಿ ಬಂಗಾಳಿ ಅಧಿಕಾರಿಗಳನ್ನೂ 915 ಮಂದಿಯನ್ನೂ ಒಬ್ಬ ಅಧಿಕಾರಿಯ ಬೆರಳಸನ್ನೆಯ ಮೇಲೆ ಕೊಲ್ಲಲಾಯಿತೆಂದು ಇನ್ನೊಬ್ಬನು ಹೇಳಿದ್ದಾನೆ. ಈ ದೌರ್ಜನ್ಯಗಳ ಬಗ್ಗೆ ಉನ್ನತ ಮಟ್ಟದ ವಿಚಾರಣೆ ನಡೆಸಿ ತಪ್ಪಿತಸ್ಥರನ್ನು ಶಿಕ್ಷಿಸಬೇಕೆಂದು ಆಯೋಗವು ಮಾಡಿದ ಶಿಫಾರಸು ಜಾರಿಯಾಗಲಿಲ್ಲ.